160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯವರು ರಾಜ್ಯೋತ್ಸವಕ್ಕೆ ರಂಗೋಲಿ ಸ್ಪರ್ಧೆ ಇಡುತ್ತಾರೆ. ಬೆಳಗ್ಗೆ ಆರಕ್ಕೆ ಒಬ್ಬರು ಸೀಮೆಸುಣ್ಣ ಹಿಡಿದು ಬಂದು ರಸ್ತೆ ಮೇಲೆ ಚೌಕ ಎಳೆಯುತ್ತಾರೆ. ಎಲ್ಲರಿಗೂ ನಾಲ್ಕಡಿಗೆ ನಾಲ್ಕಡಿ. ಒಂದೂವರೆ ಗಂಟೆ ಟೈಮು. ಆಮೇಲೆ ಬೀದಿಯವರೆಲ್ಲ ಸಾಲಾಗಿ ನೋಡುತ್ತಾ ಹೋಗುತ್ತಾರೆ. ನಮ್ಮಮ್ಮ ನೋಡುವ ರೀತಿ ಬೇರೆ ಇತ್ತು. ಅವರು ಬಣ್ಣ ಆಮೇಲೆ ನೋಡುತ್ತಿದ್ದರು. ಮೊದಲು ಬಗ್ಗಿ ಚುಕ್ಕಿ ಎಣಿಸುತ್ತಿದ್ದರು. "ಹದಿಮೂರು ಚುಕ್ಕಿಯಲ್ಲಿ ಈ ನವಿಲು ಬಂತಾ?" ಅಂತ ಬಿಡಿಸಿದವರನ್ನು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಂಡವರ ಮುಖ ಅರಳುತ್ತಿತ್ತು. ಅಮ್ಮನೂ ಹದಿಮೂರು ಚುಕ್ಕಿ ಇಟ್ಟು ವರ್ಷಗಟ್ಟಲೆ ಬಿಡಿಸಿದವರು. ಅದರಲ್ಲಿ ಎಷ್ಟು ಹಿಡಿಸುತ್ತದೆ, ಎಷ್ಟು ಹಿಡಿಸಲ್ಲ ಅಂತ ಅವರ ಬೆರಳಿಗೇ ಗೊತ್ತಿತ್ತು.

ಇವತ್ತು ನಾನು ಹೇಳಬೇಕಾಗಿರುವುದು ಇಂಥದ್ದೇ ಒಂದು ಸ್ಪರ್ಧೆಯ ವಿಷಯ. ಚೌಕ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ. ಬಣ್ಣ ನಾಲ್ಕೇ, ಅದೂ ತಿಳಿಯಿಂದ ಕಡುವರೆಗೆ ಪಾಚಿಹಸಿರಿನ ನಾಲ್ಕು ಛಾಯೆ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಗೇಮ್ ಬಾಯ್ ಅನ್ನುವ ಆಟದ ಯಂತ್ರದ ಪರದೆ ಅದು.

ಈ ಯಂತ್ರಕ್ಕೆ ಜನ ಇವತ್ತಿಗೂ ಪ್ರೋಗ್ರಾಂ ಬರೆಯುತ್ತಾರೆ. ಆಟ ಬರೆಯುವವರೂ ಇದ್ದಾರೆ. ಆದರೆ ನನಗೆ ಪ್ರೀತಿ ಇರುವುದು ಡೆಮೊ ಅನ್ನುವ ಪ್ರಕಾರದ ಮೇಲೆ. ಡೆಮೊದಲ್ಲಿ ಆಡುವುದಕ್ಕೆ ಏನೂ ಇರಲ್ಲ. ಕಾರ್ಟ್ರಿಜ್, ಅಂದರೆ ಪ್ರೋಗ್ರಾಂ ತುಂಬಿದ ಪುಟ್ಟ ಡಬ್ಬಿ, ಹಾಕಿ, ಸ್ವಿಚ್ ಒತ್ತಿ, ಸುಮ್ನೆ ನೋಡುತ್ತಾ ಕೂರಬೇಕು. ಎರಡು ಮೂರು ನಿಮಿಷ ಚಿತ್ರ ಓಡುತ್ತದೆ, ಸಂಗೀತ ಬರುತ್ತದೆ, ಮುಗಿಯುತ್ತದೆ. ವೀಡಿಯೊ ಅಂದುಕೊಳ್ಳಬೇಡಿ. ಪರದೆ ಮೇಲೆ ಕಾಣುವುದನ್ನೆಲ್ಲ ಯಂತ್ರ ಆ ಕ್ಷಣದಲ್ಲಿ ಲೆಕ್ಕ ಹಾಕಿ ಬಿಡಿಸುತ್ತಿರುತ್ತದೆ. ಇಂಥ ಡೆಮೊಗಳನ್ನು ಒಂದು ಕಡೆ ಸೇರಿಸಿ, ಒಂದಾದ ಮೇಲೆ ಒಂದು ತೋರಿಸಿ, ನೋಡಿದವರಿಂದಲೇ ಮತ ಹಾಕಿಸುತ್ತಾರೆ. ಇದನ್ನು ಮಾಡುವವರು ಅದಕ್ಕೆ ಕಾಂಪೊ ಅನ್ನುತ್ತಾರೆ. ಸ್ಪರ್ಧೆ ಅನ್ನುವುದರ ಚಿಕ್ಕ ಹೆಸರು.

ಇದರ ಬೇರು 1980ರ ದಶಕದ ಯೂರೋಪಿನಲ್ಲಿದೆ. ಕಮೊಡೋರ್ 64, ಅಮಿಗಾ ಅನ್ನುವ ಮನೆ ಕಂಪ್ಯೂಟರುಗಳ ಕಾಲ. ಆಟಗಳ ಬೀಗ ಮುರಿದು ನಕಲು ಹಂಚುತ್ತಿದ್ದ ಹುಡುಗರು ಆಟದ ಮುಂದೆ ತಮ್ಮ ತಂಡದ ಹೆಸರು ಹಾಕುತ್ತಿದ್ದರು. ಬರಬರುತ್ತಾ ಆ ಹೆಸರು ಕುಣಿಯತೊಡಗಿತು, ಅದಕ್ಕೆ ಸಂಗೀತ ಸೇರಿತು. ಕೊನೆಗೆ ಆಟ ಉದುರಿಹೋಗಿ ಆ ಮುನ್ನುಡಿಯೇ ಒಂದು ಕಲೆಯಾಗಿ ನಿಂತಿತು. ಫಿನ್ಲೆಂಡಿನಲ್ಲಿ 1992ರಿಂದ ಅಸೆಂಬ್ಲಿ ಅನ್ನುವ ಕೂಟ ನಡೆಯುತ್ತಿದೆ. ಜರ್ಮನಿಯ ಸಾರ್‌ಬ್ರುಕನ್‌ನಲ್ಲಿ 2011ರಿಂದ ಈಸ್ಟರ್ ರಜೆಗೆ ರಿವಿಷನ್ ಕೂಟ ನಡೆಯುತ್ತದೆ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಡೆಮೊ ಕಲೆಯನ್ನು ತಮ್ಮ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ನಮ್ಮಲ್ಲಿ ಹಾಡು, ಕುಣಿತ, ಗೊಂಬೆಯಾಟಗಳನ್ನು ಸೇರಿಸುವಂಥ ಪಟ್ಟಿ ಅದು. ಪ್ರೋಗ್ರಾಂ ಬರೆಯುವುದೂ ಕೈಯಿಂದ ಕೈಗೆ ದಾಟಿ ಬಂದ ಕಸುಬು ಅಂತ ಎರಡು ಸರಕಾರಗಳು ಒಪ್ಪಿಕೊಂಡವು. ನನಗೆ ಅದು ದೊಡ್ಡ ವಿಷಯ ಅನ್ನಿಸುತ್ತದೆ. ಗೇಮ್ ಬಾಯ್‌ಗೇ ಅಂತ 2021ರಲ್ಲೂ 2023ರಲ್ಲೂ ಜಿಬಿ ಕಾಂಪೊ ನಡೆದಿದೆ. ಎಲ್ಲಿ ಕೂತವರು ಬೇಕಾದರೂ ಎಂಟ್ರಿ ಕಳಿಸಬಹುದಿತ್ತು.

ನಿಮ್ಮ ಲ್ಯಾಪ್‌ಟಾಪಿಗೇ ಡೆಮೊ ಬರೆಯಬಹುದಲ್ಲ, ಈ ಹಳೇ ಡಬ್ಬಿ ಯಾಕೆ ಅಂತ ನೀವು ಕೇಳಬಹುದು. ಬರೆಯಬಹುದು, ಬರೆಯುತ್ತಾರೆ ಕೂಡ. ಆದರೆ ನಿಮ್ಮ ಲ್ಯಾಪ್‌ಟಾಪು, ನನ್ನ ಲ್ಯಾಪ್‌ಟಾಪು ಒಂದೇ ಅಲ್ಲ. ಒಬ್ಬರದರಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಇನ್ನೊಬ್ಬರದರಲ್ಲಿ ಇರಲ್ಲ. ಚೌಕ ಒಂದೇ ಅಳತೆಯದ್ದಾಗಿ ಉಳಿಯಲ್ಲ. ಗೇಮ್ ಬಾಯ್ ಮಾತ್ರ 1989ರಲ್ಲಿ ಹೇಗಿತ್ತೋ ಹಾಗೇ ಇದೆ. ಅದಕ್ಕೆ ಇನ್ನು ಅಪ್‌ಡೇಟ್ ಬರಲ್ಲ. ಟೋಕಿಯೋದಲ್ಲಿ ಕೊಂಡದ್ದಕ್ಕೂ ದೇವರಾಜ ಅರಸು ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದಕ್ಕೂ ಅದೇ ಶಕ್ತಿ.

ಆ ಶಕ್ತಿ ಎಷ್ಟು ಅಂತ ಹೇಳುತ್ತೇನೆ. ಸೆಕೆಂಡಿಗೆ ಸುಮಾರು 42 ಲಕ್ಷ ಬಡಿತ. ಅತಿ ಸಣ್ಣ ಕೆಲಸಕ್ಕೂ ನಾಲ್ಕು ಬಡಿತ ಬೇಕು. ಅಂದರೆ ಸೆಕೆಂಡಿಗೆ ಹತ್ತೂವರೆ ಲಕ್ಷ ಹೆಜ್ಜೆ ಅಂತ ಇಟ್ಟುಕೊಳ್ಳಿ. ಕೆಲಸ ಮಾಡುವ ಮೆಮೊರಿ 8 ಕೆಬಿ. ಇವತ್ತು ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಆ ಲೆಕ್ಕದಲ್ಲಿ 8 ಕೆಬಿಯಲ್ಲಿ 2,700 ಚಿಹ್ನೆ ಹಿಡಿಸುತ್ತವೆ. ಊರಿಗೆ ಬರೆದ ಒಂದು ಕಾಗದದಷ್ಟು. ಚಿತ್ರಕ್ಕೆ ಅಂತ ಬೇರೆ 8 ಕೆಬಿ ಇದೆ. ಗುಣಾಕಾರ ಮಾಡುವ ಆಜ್ಞೆಯೇ ಈ ಚಿಪ್ಪಿಗೆ ಇಲ್ಲ. ಕೂಡುತ್ತದೆ, ಕಳೆಯುತ್ತದೆ, ಅಷ್ಟೆ. ಗೋಡೆ ಗಡಿಯಾರಕ್ಕೆ ಒಂದು ಹಾಕುತ್ತೀವಲ್ಲ, ಅಂಥ ನಾಲ್ಕು ಸೆಲ್ ಹಾಕಿದರೆ ಓಡುತ್ತದೆ.

ನಾನು ಚಿಕ್ಕವನಿದ್ದಾಗ ಇದನ್ನು ಕಂಡಿರಲಿಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಕೊಡಿಸಿದ ಬ್ರಿಕ್ ಗೇಮ್ ನನ್ನ ಹತ್ತಿರ ಇತ್ತು, ಇಟ್ಟಿಗೆ ಬೀಳುವ ಆಟ. ಗೇಮ್ ಬಾಯ್ ಕೈಗೆ ಬಂದಿದ್ದು ಕೆಲಸಕ್ಕೆ ಸೇರಿದ ಮೇಲೆ. ವಿದೇಶದಿಂದ ಬಂದ ಚಿಕ್ಕಪ್ಪನ ಮಗ ಬಿಟ್ಟುಹೋದದ್ದು. ಆಗ ನಾನು ಮಾಡುತ್ತಿದ್ದ ಕೆಲಸದಲ್ಲಿ ದಿನಕ್ಕೆ ಹತ್ತು ಗಂಟೆ ಕೋಡ್ ಬರೆಯುತ್ತಿದ್ದೆ. ಆದರೆ ನಾನು ಬರೆದದ್ದು ಕೊನೆಗೆ ಯಂತ್ರದಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬೇರೆಯವರು ಬರೆದಿಟ್ಟ ಕೋಡಿಗೆ ಲೈಬ್ರರಿ ಅನ್ನುತ್ತಾರೆ. ಒಂದು ಲೈಬ್ರರಿ ಕೆಳಗೆ ಇನ್ನೊಂದು ಲೈಬ್ರರಿ, ಅದರ ಕೆಳಗೆ ಮತ್ತೊಂದು. ಮನೆ ಕಟ್ಟಿದವನಿಗೆ ತಳಪಾಯ ಎಲ್ಲಿದೆ ಅಂತ ಗೊತ್ತಿಲ್ಲದ ಹಾಗೆ. ಗೇಮ್ ಬಾಯ್‌ಗೆ ಬರೆಯಲು ಶುರು ಮಾಡಿದ ಮೇಲೆ, ಮೊದಲ ಸಲ ಒಂದು ಕಂಪ್ಯೂಟರನ್ನು ನೆಲದಿಂದ ಸೂರಿನವರೆಗೆ ತಿಳಿದುಕೊಂಡೆ. ಸ್ವಿಚ್ ಹಾಕಿದ ತಕ್ಷಣ ಒಳಗಿನ 256 ಬೈಟಿನ ಪುಟ್ಟ ಪ್ರೋಗ್ರಾಂ ಏಳುತ್ತದೆ. ಕಾರ್ಟ್ರಿಜ್ಜಿನಲ್ಲಿರುವ ಕಂಪನಿ ಹೆಸರಿನ ಚಿತ್ರವನ್ನು, ಅದು 48 ಬೈಟ್, ಮೇಲಿಂದ ಇಳಿಸಿ ಟಿಂಗ್ ಅಂತ ಸದ್ದು ಮಾಡುತ್ತದೆ. ಆಮೇಲೆ ಆ ಚಿತ್ರವನ್ನು ತನ್ನ ಹತ್ತಿರ ಇರುವ ಪ್ರತಿಯ ಜೊತೆ ಹೋಲಿಸುತ್ತದೆ. ಸರಿ ಇದ್ದರೆ ಯಂತ್ರವನ್ನು ನಿಮ್ಮ ಕೈಗೆ ಕೊಟ್ಟುಬಿಡುತ್ತದೆ. ಅಲ್ಲಿಂದಾಚೆಗೆ ನೀವು, ಆ ಯಂತ್ರ, ಇಬ್ಬರೇ. ನಡುವೆ ಆಪರೇಟಿಂಗ್ ಸಿಸ್ಟಮ್ ಅನ್ನುವುದು ಇಲ್ಲ. ನನ್ನ ಪಾಲಿಗೆ ಈ ಹವ್ಯಾಸದ ಜೀವ ಇರುವುದೇ ಇಲ್ಲಿ. ಪೂರ್ತಿ ಅರ್ಥವಾಗುವ ಯಂತ್ರ ಈಗ ನಿಮಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಈಗ ನಾನು ಬರೆದ ಒಂದು ಡೆಮೊ ಬಿಚ್ಚಿ ತೋರಿಸುತ್ತೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕ್ ಹೋಗುವವರಿಗೆ ಗೊತ್ತು, ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ನನ್ನ ಪರದೆಯ ಮೇಲರ್ಧದಲ್ಲಿ ಬೆಟ್ಟ, ಕೆಳಗರ್ಧದಲ್ಲಿ ನೀರಿನಲ್ಲಿ ಅಲುಗುವ ಬೆಟ್ಟದ ನೆರಳು. ನೆರಳಿಗೆ ನಾನು ಒಂದು ಚುಕ್ಕಿ ಚಿತ್ರವನ್ನೂ ಬರೆದಿಲ್ಲ. ಹೇಗೆ?

ಗೇಮ್ ಬಾಯ್ ಪರದೆಯನ್ನು ಒಂದೇ ಸಲ ಬಿಡಿಸಲ್ಲ. ಮೇಲಿಂದ ಕೆಳಗೆ ಒಂದೊಂದೇ ಸಾಲು ಬಿಡಿಸುತ್ತಾ ಬರುತ್ತದೆ. 144 ಸಾಲು ಆದ ಮೇಲೆ ಹತ್ತು ಸಾಲಿನಷ್ಟು ಹೊತ್ತು ಸುಮ್ಮನಿರುತ್ತದೆ. ಮತ್ತೆ ಮೇಲಿಂದ ಶುರು. ಸೆಕೆಂಡಿಗೆ ಹತ್ತಿರ ಹತ್ತಿರ 60 ಸಲ. ಹೀಗೆ ಒಂದು ಸಲ ಪರದೆ ಬಿಡಿಸಿದ್ದಕ್ಕೆ ಒಂದು ಫ್ರೇಮ್ ಅನ್ನುತ್ತೇವೆ. ಒಂದು ಸಾಲಿಗೆ ನಿಮಗೆ ಸಿಗುವುದು 114 ಹೆಜ್ಜೆ. ಹಿನ್ನೆಲೆ ಚಿತ್ರ 256ಕ್ಕೆ 256 ಚುಕ್ಕಿಯ ದೊಡ್ಡ ಹಾಳೆ, ಪರದೆ ಅದರ ಮೇಲೆ ಇಟ್ಟ ಕಿಟಕಿ ಅಂದುಕೊಳ್ಳಿ. ಕಿಟಕಿಯನ್ನು ಅಡ್ಡ ಸರಿಸಲು ಒಂದು ರಿಜಿಸ್ಟರ್, ಅಂದರೆ ನಂಬರು ಬರೆದಿಡುವ ಒಂದು ಖಾನೆ, ಮೇಲೆ ಕೆಳಗೆ ಸರಿಸಲು ಇನ್ನೊಂದು. ಇವನ್ನು ಫ್ರೇಮಿಗೆ ಒಂದೇ ಸಲ ಬದಲಿಸಬೇಕು ಅಂತ ಯಾರೂ ಹೇಳಿಲ್ಲ. ಎರಡು ಸಾಲಿನ ನಡುವಿನ ಸಂದಿನಲ್ಲೂ ಬದಲಿಸಬಹುದು.

ಕೆರೆ ಶುರುವಾಗುವುದು 72ನೇ ಸಾಲಿನಿಂದ. ಅಲ್ಲಿ ನಾನು ಕಿಟಕಿಯನ್ನು ಒಂದು ಸಾಲು ಮೇಲಕ್ಕೆ ಸರಿಸುತ್ತೇನೆ. ಮುಂದಿನ ಸಾಲಿಗೆ ಇನ್ನೆರಡು ಮೇಲೆ. ಅದರ ಮುಂದಿನದಕ್ಕೆ ಮತ್ತೆರಡು. ಯಂತ್ರ ಕೆಳಗೆ ಇಳಿಯುತ್ತಿದೆ ಅಂದುಕೊಂಡಿರುತ್ತದೆ, ಓದುತ್ತಿರುವುದು ಮಾತ್ರ ಬೆಟ್ಟವನ್ನು ಬುಡದಿಂದ ತುದಿಗೆ. ಬೆಟ್ಟ ತಲೆಕೆಳಗಾಯಿತು. ನೀರು ಅಲುಗಬೇಕಲ್ಲ? ಪ್ರತಿ ಸಾಲನ್ನೂ ಅಡ್ಡಕ್ಕೆ ಒಂದೆರಡು ಚುಕ್ಕಿ ಜರುಗಿಸಬೇಕು, ಅಲೆಯ ಹಾಗೆ. ಅಲೆಗೆ ಗಣಿತದ ಸೈನ್ ಲೆಕ್ಕ ಬೇಕು. ಗುಣಾಕಾರವೇ ಬಾರದ ಯಂತ್ರ ಸೈನ್ ಎಲ್ಲಿ ಲೆಕ್ಕ ಹಾಕುತ್ತದೆ? ಮೊದಲೇ ಲೆಕ್ಕ ಹಾಕಿ 256 ಬೈಟಿನ ಪಟ್ಟಿ ಮಾಡಿ ಇಟ್ಟಿರುತ್ತೇವೆ, ನಾವು ಸಣ್ಣವರಿದ್ದಾಗ ಬಾಯಿಪಾಠ ಮಾಡಿದ ಮಗ್ಗಿ ಥರ. 256 ಯಾಕೆ ಅಂದರೆ, ಒಂದು ಬೈಟಿನಲ್ಲಿ 255 ಆದ ಮೇಲೆ ಒಂದು ಕೂಡಿದರೆ ತಾನಾಗಿ ಸೊನ್ನೆಗೆ ಬರುತ್ತದೆ. ಅಲೆಯೂ ಹಾಗೇ ಸುತ್ತಿ ಬರುತ್ತದೆ. ಯಂತ್ರದ ಮಿತಿ, ಅಲೆಯ ಗುಣ, ಎರಡೂ ಒಂದಕ್ಕೊಂದು ಕೂಡಿಕೊಂಡ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಉದಾಹರಣೆ ಅರಮನೆಯದ್ದು. ಹಿನ್ನೆಲೆಯನ್ನು 8ಕ್ಕೆ 8 ಚುಕ್ಕಿಯ ಬಿಲ್ಲೆಗಳಿಂದ ಜೋಡಿಸುತ್ತಾರೆ. ಇವಕ್ಕೆ ಟೈಲ್ ಅನ್ನುತ್ತೇವೆ, ನೆಲದ ಟೈಲಿನ ಹಾಗೇ. ಪರದೆ ತುಂಬಲು ಅಡ್ಡ 20, ಉದ್ದ 18, ಒಟ್ಟು 360 ಟೈಲ್ ಬೇಕು. ಆಟದಲ್ಲಿ ಒಂದೇ ಇಟ್ಟಿಗೆ, ಒಂದೇ ಮೋಡವನ್ನು ಮತ್ತೆ ಮತ್ತೆ ಹಾಕುತ್ತಾರೆ, ಹಾಗಾಗಿ ಸಾಕಾಗುತ್ತದೆ. ಅರಮನೆ ಹಾಗಲ್ಲ. ಗೋಪುರ ಒಂದು ಥರ, ಕಮಾನು ಒಂದು ಥರ. 360 ಟೈಲೂ ಬೇರೆ ಬೇರೆ ಬೇಕು. ಚಿತ್ರದ ಮೆಮೊರಿಯಲ್ಲಿ 384 ಟೈಲಿಗೆ ಜಾಗ ಇದೆ, ಆದರೆ ಟೈಲಿನ ನಂಬರು ಒಂದೇ ಬೈಟ್. 256ರ ಆಚೆ ಎಣಿಸಲು ಬರಲ್ಲ. ಇಲ್ಲಿ ಒಂದು ಹಳೇ ಉಪಾಯ ಇದೆ. ನಂಬರನ್ನು ಎಲ್ಲಿಂದ ಎಣಿಸಬೇಕು ಅಂತ ಹೇಳುವ ಒಂದು ಸ್ವಿಚ್ ಯಂತ್ರದಲ್ಲಿದೆ. ಅರ್ಧ ಪರದೆ ಬಿಡಿಸಿದ ಮೇಲೆ ಆ ಸ್ವಿಚ್ ಬದಲಿಸಿದರೆ ಕೆಳಗರ್ಧ ಬೇರೆ ಕಡೆಯಿಂದ ಎಣಿಸಿಕೊಳ್ಳುತ್ತದೆ. ಮೇಲೆ 180, ಕೆಳಗೆ 180. ಅರಮನೆ ಪೂರ್ತಿ ಬಂತು.

ದೀಪದ ಮಾತು ಹೇಳದೆ ಅರಮನೆ ಬಿಟ್ಟು ಹೋಗಲಾರೆ. ಭಾನುವಾರ ಸಂಜೆ ಅರಮನೆ ಮುಂದೆ ನಿಂತಿದ್ದೀರಲ್ಲ? ಕತ್ತಲಾಗುತ್ತಾ ಇರುತ್ತದೆ, ಜನ ಗುಜುಗುಜು ಮಾತಾಡುತ್ತಿರುತ್ತಾರೆ. ಒಂದೇ ಗಳಿಗೆಯಲ್ಲಿ ಸುಮಾರು ಲಕ್ಷ ಬಲ್ಬು ಹತ್ತುತ್ತವೆ. ಎಷ್ಟು ಸಲ ನೋಡಿದರೂ ಬಾಯಿಂದ ಆಹಾ ಅಂತ ಬರುತ್ತದೆ. ನನ್ನ ಡೆಮೊದಲ್ಲಿ ಅದಕ್ಕೆ ಖರ್ಚಾಗಿದ್ದು ಒಂದೇ ಬೈಟ್. ಪ್ರತಿ ಚುಕ್ಕಿಗೂ 0ಯಿಂದ 3ರವರೆಗೆ ಒಂದು ನಂಬರು ಇರುತ್ತದೆ. ಯಾವ ನಂಬರಿಗೆ ಯಾವ ಛಾಯೆ ಅನ್ನುವುದನ್ನು ಒಂದು ಬೈಟ್ ಹೇಳುತ್ತದೆ. ಗೋಡೆಗೆ 2, ಬಲ್ಬಿಗೆ 3 ಕೊಟ್ಟು, ಎರಡಕ್ಕೂ ಮೊದಲು ಕಡು ಛಾಯೆಯನ್ನೇ ಇಟ್ಟೆ. ಕತ್ತಲಲ್ಲಿ ಬಲ್ಬು ಗೋಡೆಯಲ್ಲಿ ಅಡಗಿ ಕೂತಿರುತ್ತದೆ. ಆಮೇಲೆ ಆ ಬೈಟ್ ಬದಲಿಸಿ 3ಕ್ಕೆ ಅತಿ ತಿಳಿ ಛಾಯೆ ಕೊಟ್ಟೆ. ಎಲ್ಲ ದೀಪ ಒಟ್ಟಿಗೆ ಹತ್ತಿದವು.

ಹೋದ ಡಿಸೆಂಬರಿನಲ್ಲಿ ನಾವೇ ಒಂದು ಚಿಕ್ಕ ಕಾಂಪೊ ಮಾಡಿದೆವು. ಸರಸ್ವತಿಪುರಂನಲ್ಲಿ ಗೆಳೆಯರೊಬ್ಬರ ಮನೆ ಮಹಡಿ. ಒಂಬತ್ತು ಎಂಟ್ರಿ ಬಂದವು. ನಿಯಮ ನಾಲ್ಕೇ. ಪ್ರೋಗ್ರಾಂ 32 ಕೆಬಿ ದಾಟಬಾರದು, ಯಾಕೆಂದರೆ ಬೇರೆ ಚಿಪ್ಪಿನ ಸಹಾಯ ಇಲ್ಲದೆ ಕಾರ್ಟ್ರಿಜ್ಜಿನಲ್ಲಿ ಅಷ್ಟೇ ಹಿಡಿಸುವುದು. ಮೂರು ನಿಮಿಷದೊಳಗೆ ಮುಗಿಯಬೇಕು. ನಿಜವಾದ ಯಂತ್ರದ ಮೇಲೆ ಓಡಬೇಕು. ಮುಗಿದ ಮೇಲೆ ಕೋಡನ್ನು ಎಲ್ಲರಿಗೂ ತೋರಿಸಬೇಕು. ಗೇಮ್ ಬಾಯ್ ಪರದೆಗೆ ಒಳಗಿನಿಂದ ಬೆಳಕಿಲ್ಲ, ಟಿವಿಗೆ ಹಾಕಲು ವೈರೂ ಇಲ್ಲ. ಹಾಗಾಗಿ ಕೋಣೆ ಕತ್ತಲು ಮಾಡಿ, ಯಂತ್ರದ ಮೇಲೆ ಮಾತ್ರ ಟೇಬಲ್ ಲ್ಯಾಂಪ್ ಬಗ್ಗಿಸಿ, ಮೇಲೊಂದು ಕ್ಯಾಮೆರಾ ನಿಲ್ಲಿಸಿ, ಗೋಡೆ ಮೇಲೆ ಬಿಟ್ಟೆವು. ಪೂಜೆ ಮಾಡುವಾಗ ದೇವರ ಮುಂದೆ ಮಾತ್ರ ದೀಪ ಇರುತ್ತದಲ್ಲ, ಹಾಗೆ ಕಾಣುತ್ತಿತ್ತು.

ಪಾಂಡವಪುರದ ಹುಡುಗನೊಬ್ಬ ಆಲೆಮನೆ ಮಾಡಿ ತಂದಿದ್ದ. ಗಾಣ ತಿರುಗುತ್ತದೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಎಡಗಡೆಯಿಂದ ಕಬ್ಬಿನ ಜಲ್ಲೆಗಳು ಸಾಲಾಗಿ ಬರುತ್ತವೆ. ಚಲಿಸುವ ವಸ್ತುಗಳಿಗೆ ಸ್ಪ್ರೈಟ್ ಅನ್ನುತ್ತೇವೆ. ಒಟ್ಟು 40 ಇಡಬಹುದು, ಆದರೆ ಒಂದು ಸಾಲಿನಲ್ಲಿ 10 ಮಾತ್ರ. ಹನ್ನೊಂದನೆಯದು ಮಾಯ. ಅವನ ಕಬ್ಬು ಒಂದೇ ಮಟ್ಟದಲ್ಲಿ ಬರುತ್ತಿದ್ದಾಗ ಕೊನೆಯ ಜಲ್ಲೆಗಳು ಕಾಣುತ್ತಲೇ ಇರಲಿಲ್ಲವಂತೆ. ಅದಕ್ಕೆ ಅವನು ಒಂದನ್ನು ಸ್ವಲ್ಪ ಮೇಲೆ, ಒಂದನ್ನು ಸ್ವಲ್ಪ ಕೆಳಗೆ ಮಾಡಿದ. ಗಾಡಿಯಿಂದ ಇಳಿಸಿದ ಕಬ್ಬು ನಿಜವಾಗಿಯೂ ಹಾಗೇ ಇರುತ್ತದೆ ಅಲ್ವಾ, ಓರೆಕೋರೆಯಾಗಿ. ನೋಡುತ್ತಿದ್ದವರಲ್ಲಿ ಇಬ್ಬರು "ಹತ್ತು ದಾಟಿಸಿದ!" ಅಂತ ಕೂಗಿದರು. ನನಗೆ ಅಮ್ಮ ನೆನಪಾದರು.

ಆದರೆ ಆ ರಾತ್ರಿ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಎಂಟ್ರಿ. ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿನಿಯದ್ದು. ಸಂಜೆ ಮನೆಗೆ ಹೋಗುವಾಗ ಕಿಟಕಿಯಿಂದ ಕಾಣುವುದೇ ಅವಳ ಡೆಮೊ. ಹತ್ತಿರದ ಹಳಿ ಜೋರಾಗಿ ಓಡುತ್ತದೆ, ಕಬ್ಬಿನ ಗದ್ದೆ ಅದಕ್ಕಿಂತ ನಿಧಾನ, ಕುಂತಿ ಬೆಟ್ಟ ಇನ್ನೂ ನಿಧಾನ, ಆಕಾಶ ನಿಂತೇ ಇರುತ್ತದೆ. ನಾನು ಕೆರೆಗೆ ಬಳಸಿದ ಅದೇ ಅಡ್ಡ ಸರಿಸುವ ರಿಜಿಸ್ಟರು, ಸಾಲುಗಳ ಗುಂಪಿಗೊಂದು ವೇಗ. ಸದ್ದನ್ನು ಕೇಳಿ. ಗೇಮ್ ಬಾಯ್‌ನಲ್ಲಿ ನಾಲ್ಕು ಧ್ವನಿ ಇವೆ. ಅದರಲ್ಲಿ ಒಂದು ಬರೀ ಗದ್ದಲ, ಮಳೆ ಸುರಿದ ಹಾಗೆ. ಆ ಗದ್ದಲ ಹುಟ್ಟುವುದು 15 ಬಿಟ್ಟಿನ, ಅಂದರೆ 15 ಸೊನ್ನೆ-ಒಂದುಗಳ, ಒಂದು ಸರಪಳಿಯಿಂದ. ಒಂದು ಬಿಟ್ ಬದಲಿಸಿದರೆ ಸರಪಳಿ 7 ಬಿಟ್ಟಿಗೆ ಕುಗ್ಗಿ ಸದ್ದು ಲೋಹದ ಹಾಗೆ ಕೇಳುತ್ತದೆ. ಅವಳ ರೈಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಏರಿದ ಕೂಡಲೇ ಆ ಬಿಟ್ ಬದಲಾಯಿತು. ಕಣ್ಣು ಮುಚ್ಚಿದ್ದರೂ ಹೊಳೆ ಬಂತು ಅಂತ ಗೊತ್ತಾಗುತ್ತಿತ್ತು.

ಇನ್ನು ಸ್ಟೇಷನ್ ಬೋರ್ಡುಗಳು. ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಮಂಡ್ಯ. ಕನ್ನಡದಲ್ಲಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ನೀವು ಸಹಿಸಿಕೊಳ್ಳಬೇಕು.

ಇಂಗ್ಲಿಷಿಗೆ 26 ಅಕ್ಷರ, ಒಂದೊಂದಕ್ಕೆ ಒಂದು ಟೈಲ್. 8 ಚುಕ್ಕಿಯ ಚೌಕದಲ್ಲಿ ಆರಾಮವಾಗಿ ಕೂರುತ್ತವೆ. ನಮ್ಮಲ್ಲಿ 34 ವ್ಯಂಜನ, 13 ಸ್ವರ. ಗುಣಿತಾಕ್ಷರ ಮಾಡಿದರೆ 442. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಯಂತ್ರದಲ್ಲಿ ಇರುವುದೇ 384 ಟೈಲಿಗೆ ಜಾಗ. ಅದೂ ಅಲ್ಲದೆ 8 ಚುಕ್ಕಿಯಲ್ಲಿ ಣ ಬರೆದು ನೋಡಿ. ಹೊಟ್ಟೆ ಒಳಗಿನ ಸುಳಿ ಮುಚ್ಚಿಹೋಗುತ್ತದೆ. ಅವಳು ಒಂದು ಅಕ್ಷರಕ್ಕೆ ಎರಡು ಟೈಲ್ ಅಗಲ, ಮೂರು ಟೈಲ್ ಎತ್ತರ ಇಟ್ಟುಕೊಂಡಳು. ಮೇಲಿನ ಎರಡರಲ್ಲಿ ಅಕ್ಷರ, ಕೆಳಗಿನದರಲ್ಲಿ ಒತ್ತು. ಒಂದು ಪರದೆಗೆ 6 ಸಾಲು, ಸಾಲಿಗೆ 10 ಅಕ್ಷರ ಆಯಿತು.

ಅಕ್ಷರಗಳನ್ನು ಪೂರ್ತಿ ರೂಪದಲ್ಲಿ ಇಟ್ಟುಕೊಂಡರೆ ಜಾಗ ಸಾಲಲ್ಲ. ಅದಕ್ಕೆ ಅವಳು ಅವನ್ನು ಬಿಡಿಸಿದಳು. ಪ, ಫ, ಷ ಮೂರಕ್ಕೂ ಒಂದೇ ಒಡಲು, ಗೆರೆ ಮಾತ್ರ ಬೇರೆ. ದ, ಧ, ಥ ಕೂಡ ಹಾಗೇ. ವ ಬರೆದು ಬಾಲ ಸೇರಿಸಿದರೆ ಮ. ತಲೆಕಟ್ಟು ಎಷ್ಟೋ ಅಕ್ಷರಕ್ಕೆ ಒಂದೇ. ಒಡಲು, ತಲೆಕಟ್ಟು, ಗುಣಿತದ ಗುರುತು, ಒತ್ತು, ಇಷ್ಟನ್ನು ಬೇರೆ ಬೇರೆ ಇಟ್ಟು, ಬೇಕಾದಾಗ ಮೆಮೊರಿಯಲ್ಲಿ ಒಂದರ ಮೇಲೊಂದು ಕೂರಿಸಿ ಅಕ್ಷರ ಕಟ್ಟಿದಳು. ನಮ್ಮ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸುವುದು ರ, ಗ, ಸ, ದ, ಅ ಅಂತ, ನೆನಪಿದೆಯಾ? ವರ್ಣಮಾಲೆ ಕ್ರಮದಲ್ಲಿ ಅಲ್ಲ. ಮಗುವಿನ ಕೈಗೆ ಯಾವ ಆಕಾರ ಮೊದಲು ಒಲಿಯುತ್ತದೆ ಅನ್ನುವ ಕ್ರಮದಲ್ಲಿ. ಅದನ್ನು ರೂಪಿಸಿದ ಮೇಷ್ಟ್ರುಗಳೂ ಅಕ್ಷರವನ್ನು ಹೀಗೇ ಬಿಚ್ಚಿ ನೋಡಿರಬೇಕು ಅಂತ ನನಗೆ ಅವತ್ತು ಅನ್ನಿಸಿತು. ಆರನೇ ವಯಸ್ಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದನ್ನು ಇಪ್ಪತ್ತನೇ ವಯಸ್ಸಿನಲ್ಲಿ ಬೈಟುಗಳಲ್ಲಿ ಮತ್ತೆ ತಿದ್ದುತ್ತಿದ್ದಳು.

ಸರಿ, ಅವಳ ಸರದಿ ಬಂತು. ಕಾರ್ಟ್ರಿಜ್ ಹಾಕಿದೆವು. ಗದ್ದೆ ಓಡಿತು, ಬೆಟ್ಟ ಓಡಿತು. ನಾಗನಹಳ್ಳಿ ಬೋರ್ಡು ಬಂತು. ಅಕ್ಷರ ಎಲ್ಲ ತೂತು. ಅಲ್ಲಲ್ಲಿ ಚುಕ್ಕಿಗಳೇ ಇಲ್ಲ, ಗೆದ್ದಲು ತಿಂದ ಪುಸ್ತಕದ ಹಾಗೆ. ಅವಳು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ಅಂದರೆ ಗೇಮ್ ಬಾಯ್ ಹಾಗೆ ನಟಿಸುವ ಪ್ರೋಗ್ರಾಂ, ಹಾಕಿ ನೂರು ಸಲ ನೋಡಿದ್ದಳು, ಅಲ್ಲಿ ಒಂದು ತೂತೂ ಇರಲಿಲ್ಲ. ಕಾರಣ ಇದು. ಗೇಮ್ ಬಾಯ್ ಒಂದು ಸಾಲಿನ ಚುಕ್ಕಿಗಳನ್ನು ಬಿಡಿಸುತ್ತಿರುವಾಗ ಚಿತ್ರದ ಮೆಮೊರಿಯನ್ನು ತಾನೇ ಹಿಡಿದುಕೊಂಡಿರುತ್ತದೆ. ಆ ಹೊತ್ತಿನಲ್ಲಿ ನೀವು ಬರೆದ ಬೈಟು ಎಲ್ಲಿಗೂ ಹೋಗಲ್ಲ. ತಪ್ಪು ಅಂತ ಯಂತ್ರ ಹೇಳುವುದೂ ಇಲ್ಲ. ಅವಳು ಬಳಸಿದ್ದ ಎಮ್ಯುಲೇಟರು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ, ಯಾವಾಗ ಬರೆದರೂ ತೆಗೆದುಕೊಳ್ಳುತ್ತಿತ್ತು. ನಿಜವಾದ ಯಂತ್ರದ ಮೇಲೆ ಓಡಬೇಕು ಅನ್ನುವ ನಿಯಮ ನಾವು ಇಟ್ಟದ್ದು ಇದಕ್ಕೇ.

ಅವಳ ಕಣ್ಣಲ್ಲಿ ನೀರು ಬಂತು. ಉಳಿದವರ ಎಂಟ್ರಿ ಮೊದಲು ತೋರಿಸುತ್ತೇವೆ, ನೀನು ಸರಿ ಮಾಡಿಕೊಂಡು ಬಾರಮ್ಮ ಅಂದೆವು. ಮಹಡಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಆಲೆಮನೆ ಹುಡುಗ ಪಕ್ಕದಲ್ಲಿ ಕೂತು ಹೆಜ್ಜೆ ಎಣಿಸಿಕೊಟ್ಟ. ಯಂತ್ರ ಸುಮ್ಮನಿರುವ ಆ ಹತ್ತು ಸಾಲಿನ ಹೊತ್ತು ಇದೆಯಲ್ಲ, ಅದು 1,140 ಹೆಜ್ಜೆ. ಒಂದು ಅಕ್ಷರ ಅಂದರೆ 6 ಟೈಲು, ಟೈಲಿಗೆ 16 ಬೈಟು, ಒಟ್ಟು 96 ಬೈಟು. ಒಂದು ಬೈಟು ಸಾಗಿಸಲು ಐದಾರು ಹೆಜ್ಜೆ. ಒಂದು ಅಕ್ಷರ ಧಾರಾಳವಾಗಿ ಹಿಡಿಸುತ್ತದೆ, ಇಡೀ ಬೋರ್ಡು ಹಿಡಿಸಲ್ಲ. ಹಾಗಾದರೆ ಒಂದು ಸಲಕ್ಕೆ ಒಂದೇ ಅಕ್ಷರ ಬರಲಿ ಅಂತ ಅವಳು ತೀರ್ಮಾನ ಮಾಡಿದಳು. ಆಮೇಲೆ ಇನ್ನೂ ನಿಧಾನ ಮಾಡಿ ಎಂಟು ಫ್ರೇಮಿಗೆ ಒಂದು ಅಂತ ಇಟ್ಟಳು.

ಒಂಬತ್ತೂವರೆಗೆ ಮತ್ತೆ ಹಾಕಿದೆವು. ಬೋರ್ಡು ಖಾಲಿಯಾಗಿ ಬಂತು. ಮೊದಲು ಶ್ರೀ. ಆಮೇಲೆ ರಂ. ಗ. ಪ. ಟ್ಟ. ಣ. ರೈಲು ನಿಧಾನವಾಗುತ್ತಾ ಸ್ಟೇಷನ್ನಿಗೆ ಬರುವಾಗ ಕಿಟಕಿಯಿಂದ ಬೋರ್ಡಿನ ಅಕ್ಷರಗಳು ಹೀಗೇ ಅಲ್ಲವೇ ಕಾಣುವುದು, ಒಂದಾದ ಮೇಲೆ ಒಂದು? ಮೊದಲಿನ ಹಾಗೆ ಪೂರ್ತಿ ಬೋರ್ಡು ಒಟ್ಟಿಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಹೀಗೆ ಬಂದದ್ದಕ್ಕೆ ಕೋಣೆಯಲ್ಲಿದ್ದ ಎಲ್ಲರೂ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ನಮ್ಮ ಗೆಳೆಯರ ತಾಯಿ ಕಾಫಿ ತಂದವರು ಟ್ರೇ ಹಿಡಿದುಕೊಂಡೇ ಯಲಿಯೂರಿನವರೆಗೆ ನಿಂತಿದ್ದರು. ಹೆಜ್ಜೆ ಎಣಿಸಿಕೊಟ್ಟ ಹುಡುಗ ತನ್ನ ಮತವನ್ನು ಅವಳಿಗೇ ಹಾಕಿದನಂತೆ.

ಶುರು ಮಾಡಬೇಕು ಅನ್ನುವವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ಯಂತ್ರ ಕೊಳ್ಳಲು ಓಡಬೇಡಿ, ಲ್ಯಾಪ್‌ಟಾಪ್ ಸಾಕು. ಕೋಡ್ ಬೇಡ, ಚಿತ್ರ ಜೋಡಿಸಿ ಏನಾದರೂ ಓಡಿಸಬೇಕು ಅಂದರೆ ಜಿಬಿ ಸ್ಟುಡಿಯೊ ಇದೆ. 2019ರಲ್ಲಿ ಬಂದದ್ದು, ದುಡ್ಡು ಕೊಡಬೇಕಿಲ್ಲ. ಸಿ ಭಾಷೆ ಬರುವವರಿಗೆ ಜಿಬಿಡಿಕೆ. ಆದರೆ ಡೆಮೊ ಬರೆಯುವ ಆಸೆ ಇದ್ದರೆ ದಯವಿಟ್ಟು ಆರ್‌ಜಿಬಿಡಿಎಸ್ ಅನ್ನುವ ಸಲಕರಣೆ ಹಾಕಿಕೊಂಡು ಅಸೆಂಬ್ಲಿ ಭಾಷೆಯಲ್ಲೇ, ಅಂದರೆ ಚಿಪ್ಪಿನ ಆಜ್ಞೆಗಳನ್ನೇ ಒಂದೊಂದಾಗಿ, ಬರೆಯಿರಿ. ಮೊದಲ ವಾರ ಕಷ್ಟ. ಎರಡನೇ ವಾರ ನಿಮ್ಮ ಒಂದೊಂದು ಸಾಲಿಗೂ ಎಷ್ಟು ಹೆಜ್ಜೆ ಅಂತ ಎಣಿಸಲು ಶುರು ಮಾಡುತ್ತೀರಿ. ಪ್ಯಾನ್ ಡಾಕ್ಸ್ ಅನ್ನುವ ಕೈಪಿಡಿ ಇದೆ. 1990ರ ದಶಕದಲ್ಲಿ ಹವ್ಯಾಸಿಗಳು ಯಂತ್ರ ಕೆದಕಿ ಬರೆಯಲು ಶುರು ಮಾಡಿದ್ದು, ಇವತ್ತಿಗೂ ತಿದ್ದುತ್ತಲೇ ಇದ್ದಾರೆ. ರಿಜಿಸ್ಟರುಗಳ ವಿವರವೆಲ್ಲ ಅದರಲ್ಲಿದೆ. ಎಮ್ಯುಲೇಟರಿಗೆ ಬಿಜಿಬಿ ಅಥವಾ ಸೇಮ್‌ಬಾಯ್ ಬಳಸಿ, ಎರಡೂ ನಿಜವಾದ ಯಂತ್ರಕ್ಕೆ ಹತ್ತಿರ ಇವೆ.

ಇದರಿಂದ ಕೆಲಸ ಸಿಗುತ್ತದಾ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಕಾರಿನಲ್ಲಿ, ವಾಷಿಂಗ್ ಮೆಷಿನ್ನಿನಲ್ಲಿ, ಕರೆಂಟ್ ಮೀಟರಿನಲ್ಲಿ ಪುಟ್ಟ ಚಿಪ್ಪುಗಳಿವೆ. ಅವಕ್ಕೆ ಬರೆಯುವವರಿಗೆ ಬೈಟು ಎಣಿಸುವ, ಹೆಜ್ಜೆ ಎಣಿಸುವ ಅಭ್ಯಾಸ ಬೇಕೇ ಬೇಕು. ಆ ಮಟ್ಟಿಗೆ ಉಪಯೋಗ ಇದೆ. ಆದರೆ ನಾನು ನಿಮ್ಮನ್ನು ಕರೆಯುತ್ತಿರುವುದು ಅದಕ್ಕಲ್ಲ. ನೀವು ಎಣಿಸಿ ಎಣಿಸಿ ಮಾಡಿದ್ದನ್ನು, ಹಾಗೇ ಎಣಿಸಿ ನೋಡುವ ಹತ್ತು ಜನ ಒಂದು ಕೋಣೆಯಲ್ಲಿ ಕೂತಿರುತ್ತಾರೆ. ಆ ಕೋಣೆಗೆ ಕರೆಯುತ್ತಿದ್ದೇನೆ.

ಈ ವರ್ಷವೂ ಡಿಸೆಂಬರಿನಲ್ಲೇ ಮಾಡುತ್ತೇವೆ. ಮೊದಲಿನ ನಾಲ್ಕು ನಿಯಮದ ಜೊತೆ ಐದನೆಯದೊಂದು ಸೇರಿದೆ. ಪರದೆ ಮೇಲೆ ಒಂದು ಪದವಾದರೂ ಕನ್ನಡದಲ್ಲಿ ಇರಬೇಕು, ಅದರಲ್ಲಿ ಒಂದಾದರೂ ಒತ್ತಕ್ಷರ ಇರಬೇಕು. ಅಕ್ಷರ ಕಟ್ಟುವ ಕೋಡನ್ನು ಆ ಹುಡುಗಿ ಎಲ್ಲರಿಗೂ ಕೊಟ್ಟಿದ್ದಾಳೆ, ಬೇಕಾದವರು ತೆಗೆದುಕೊಳ್ಳಿ. ಅದರಲ್ಲಿ ಅರ್ಕಾವೊತ್ತು ಇನ್ನೂ ಸರಿಯಾಗಿ ಕೂರುತ್ತಿಲ್ಲ. ಮುಂದಿನ ಅಕ್ಷರಕ್ಕೆ ತಾಗಿಬಿಡುತ್ತದೆ. ಯಾರಾದರೂ ಸರಿಪಡಿಸಿದರೆ ನಮಗೂ ಕಳಿಸಿ.

ಹಿಂದಿನ ಸಾಲಿನವರು ಲೈಟ್ ಆರಿಸಿ. ಟೇಬಲ್ ಲ್ಯಾಂಪ್ ಮಾತ್ರ ಇರಲಿ. ಸೆಲ್ ಹೊಸದು ಹಾಕಿದ್ದೇನೆ. ಈಗ ನಾವು ಮೈಸೂರಿನಿಂದ ಮಂಡ್ಯಕ್ಕೆ ಹೊರಟಿದ್ದೇವೆ, ಎರಡು ನಿಮಿಷ ನಲವತ್ತು ಸೆಕೆಂಡು. ಬೋರ್ಡು ಬಂದಾಗ ಗಟ್ಟಿಯಾಗಿ ಓದಿ.